ಕಂಪನಿಯ ಅಧ್ಯಕ್ಷರೇ ಗವರ್ನರ್ ಆದರೆ ಪಾಲಿಸಿದಾರರ ಹಣ ಯಾರ ಕೈಯಲ್ಲಿ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಈಗ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಿಮಾ ಕಂಪನಿಗಳ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಆಫೀಸಿಗೆ ಹೋಗುವಾಗ ದಿನಾ ಬಲ್ಕ್‌ಲಿ ಸೇತುವೆ ದಾಟುತ್ತೇನೆ. ಯಾರ ಹೆಸರು ಅಂತ ವಿಚಾರಿಸಿದೆ. ಮಾರ್ಗನ್ ಬಲ್ಕ್‌ಲಿ ಎಂಬವರು ಎಟ್ನಾ ಜೀವ ವಿಮಾ ಕಂಪನಿಗೆ 43 ವರ್ಷ ಅಧ್ಯಕ್ಷರಾಗಿದ್ದರಂತೆ. ಜೊತೆಗೆ ಮೇಯರ್, ಗವರ್ನರ್, ಸೆನೆಟರ್ ಎಲ್ಲಾ ಆಗಿದ್ದರಂತೆ. ಕಸ ಗುಡಿಸುವ ಕೆಲಸದಿಂದ ಮೇಲೆ ಬಂದವರು, ದೊಡ್ಡ ದಾನಿ, ಈ ಸೇತುವೆಯನ್ನೂ ಅವರೇ ಕಟ್ಟಿಸಿಕೊಟ್ಟರು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ರಾಜ್ಯ ಸರ್ಕಾರದ ಖರ್ಚಿಗೆ ದುಡ್ಡಿಲ್ಲದಾಗ ಕಂಪನಿಯಿಂದ 3 ಲಕ್ಷ ಡಾಲರ್ ಕೊಡಿಸಿದ್ದೂ ಇದೆಯಂತೆ. ಅದು ಪಾಲಿಸಿದಾರರ ದುಡ್ಡು ಅಲ್ವಾ ಸರ್? ಇದನ್ನು ದಾನ ಅನ್ನಬೇಕೋ ಕಳ್ಳತನ ಅನ್ನಬೇಕೋ?

ಇದನ್ನು ಓದಿದ ಮೇಲೆ ಮನೆಯ ಚಿಂತೆಯೂ ಶುರುವಾಗಿದೆ. ಊರಲ್ಲಿ ಅಪ್ಪ ಒಂದು ಖಾಸಗಿ ಕಂಪನಿಯಲ್ಲಿ 15 ವರ್ಷದ ಪಾಲಿಸಿ ಮಾಡಿಸಿದ್ದಾರೆ. ವರ್ಷಕ್ಕೆ 60,000 ರೂಪಾಯಿಯಂತೆ 7 ಕಂತು ಕಟ್ಟಿ ಆಗಿದೆ. ವಿಮಾ ಮೊತ್ತ 7,50,000. ಕಂಪನಿಯ ಮಾಲೀಕರಿಗೆ ರಾಜಕೀಯದ ನಂಟು ಜಾಸ್ತಿ, ಸರ್ಕಾರ ಬದಲಾದರೆ ಕಂಪನಿ ಮುಳುಗುತ್ತದೆ, ಈಗಲೇ ಸರೆಂಡರ್ ಮಾಡಿ (ಅವಧಿಗೆ ಮುಂಚೆಯೇ ಪಾಲಿಸಿ ಬಿಟ್ಟುಕೊಟ್ಟು ಸಿಕ್ಕಷ್ಟು ಹಣ ಪಡೆದು) ಬೇರೆ ತಗೊಳ್ಳಿ ಅಂತ ಪರಿಚಯದ ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಅಪ್ಪ ಹೆದರಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳ ಹಿಂದೆ ಇರುವ ಭಯ ಒಂದೇ. ನಾವು ವರ್ಷಗಟ್ಟಲೆ ಕಟ್ಟುವ ಹಣವನ್ನು ಅಧಿಕಾರದಲ್ಲಿರುವ ಒಬ್ಬ ಮನುಷ್ಯ ತನಗೆ ಬೇಕಾದ ಕಡೆ ತಿರುಗಿಸಬಹುದೇ? ವಿಮಾ ಕಂಪನಿಗಳ ಲೆಕ್ಕ ನೋಡುವುದೇ ನನ್ನ ಕೆಲಸವಾಗಿತ್ತು. ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಿಂದೆ ಹಾಗೆ ಆಗಿದೆ, ಅಮೆರಿಕದಲ್ಲೂ ನಮ್ಮಲ್ಲೂ. ಆದರೆ ಬಲ್ಕ್‌ಲಿ ವಿಷಯದಲ್ಲಿ ಆಗಿದ್ದು ಬೇರೆ, ಜನ ಹೇಳುವುದು ಬೇರೆ.

ಮೊದಲು ಕಸ ಗುಡಿಸಿದ ಕತೆ. ಹುಡುಗನಾಗಿದ್ದಾಗ ಅವರು ಎಟ್ನಾ ಕಚೇರಿ ಗುಡಿಸಿದ್ದು ನಿಜ. ಆದರೆ ಆ ಕಂಪನಿಯ ಮೊದಲ ಅಧ್ಯಕ್ಷ ಅವರ ಅಪ್ಪ ಎಲಿಫಲೆಟ್ ಬಲ್ಕ್‌ಲಿ. ಮಾರ್ಗನ್ ಹುಟ್ಟಿದ್ದು 1837ರಲ್ಲಿ, ಈಸ್ಟ್ ಹ್ಯಾಡಮ್ ಎಂಬ ಊರಲ್ಲಿ. ಹದಿಹರೆಯದಲ್ಲೇ ಬ್ರೂಕ್ಲಿನ್‌ಗೆ ಹೋಗಿ ಸೋದರಮಾವನ ವ್ಯಾಪಾರದಲ್ಲಿ ಕೆಲಸ ಕಲಿತರು. ಅಂತರ್ಯುದ್ಧದಲ್ಲಿ ಸ್ವಲ್ಪ ಕಾಲ ಸಿಪಾಯಿಯಾಗಿದ್ದರು. 1872ರಲ್ಲಿ ಅಪ್ಪ ತೀರಿಕೊಂಡ ಮೇಲೆ ಹಾರ್ಟ್‌ಫರ್ಡ್‌ಗೆ ವಾಪಸಾಗಿ ಬ್ಯಾಂಕ್ ಕಟ್ಟಿದರು. 1879ರಲ್ಲಿ ಎಟ್ನಾ ಅಧ್ಯಕ್ಷರಾದವರು 1922ರಲ್ಲಿ ಸಾಯುವವರೆಗೂ ಆ ಕುರ್ಚಿ ಬಿಡಲಿಲ್ಲ. ಬಡತನದಿಂದ ಎದ್ದು ಬಂದ ಕತೆ ಇದಲ್ಲ. ಹಾಗಂತ ಕೆಲಸ ಗೊತ್ತಿಲ್ಲದವರೂ ಅಲ್ಲ. ಅವರು ಬಂದಾಗ ಕಂಪನಿಯ ಆಸ್ತಿ 2.56 ಕೋಟಿ ಡಾಲರ್, ಹೋಗುವಾಗ 20 ಕೋಟಿ ದಾಟಿತ್ತು. ಬರೀ ಜೀವ ವಿಮೆ ಮಾಡುತ್ತಿದ್ದ ಕಂಪನಿ ಅಪಘಾತ, ಆರೋಗ್ಯ, ಮೋಟಾರು ವಾಹನದ ವಿಮೆಗೂ ಇಳಿದಿದ್ದು ಅವರ ಕಾಲದಲ್ಲೇ. ಕ್ರಿಕೆಟ್ ಊರಿಂದ ಹೋದ ನಿಮಗೆ ಇನ್ನೊಂದು ವಿಷಯ: ಅಮೆರಿಕದ ಬೇಸ್‌ಬಾಲ್ ನ್ಯಾಷನಲ್ ಲೀಗ್ 1876ರಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷರೂ ಇವರೇ, ಒಂದೇ ವರ್ಷ.

ಸೇತುವೆಯ ಮಾತು ತಪ್ಪು. ಅದು ತೆರೆದದ್ದು 1908ರಲ್ಲಿ. ಕಟ್ಟಿದ್ದು ಸಾರ್ವಜನಿಕ ಹಣದಲ್ಲಿ. ಬಲ್ಕ್‌ಲಿ ಅದನ್ನು ಕಟ್ಟಿಸಿದ ಆಯೋಗದ ಅಧ್ಯಕ್ಷರಾಗಿದ್ದರು, ಕಲ್ಲಿನ ಕಮಾನುಗಳ ಆ ಕೆಲಸದ ಹಿಂದೆ ಬಿದ್ದು ಮಾಡಿಸಿದರು. ಅವರು ಸತ್ತ ಮೇಲೆ ಅವರ ಹೆಸರು ಇಟ್ಟರು. ಸಾರ್ವಜನಿಕ ಕೆಲಸಕ್ಕೆ ಕೊಟ್ಟ ಸಮಯವೂ ಸೇವೆಯೇ, ಆದರೆ ಸಮಯ ಕೊಡುವುದು ಬೇರೆ, ಹಣ ಕೊಡುವುದು ಬೇರೆ.

ಈಗ ಆ 3 ಲಕ್ಷ ಡಾಲರ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ನಿಮ್ಮ ಪ್ರಶ್ನೆಯ ಜೀವಾಳ ಇಲ್ಲಿದೆ.

ಆಗ ಕನೆಕ್ಟಿಕಟ್ ಸಂವಿಧಾನದಲ್ಲಿ ಒಂದು ನಿಯಮ ಇತ್ತು. ಗವರ್ನರ್ ಆಗಲು, ಅಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಸರ್ಕಾರ ನಡೆಸಲು, ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಬರದಿದ್ದರೆ ಶಾಸನಸಭೆ ಆರಿಸುತ್ತದೆ. 1888ರಲ್ಲಿ ಡೆಮಾಕ್ರಟಿಕ್ ಪಕ್ಷದ ಲೂಝಾನ್ ಮಾರಿಸ್‌ಗೆ ಬಲ್ಕ್‌ಲಿಗಿಂತ ಹೆಚ್ಚು ಮತ ಬಿದ್ದಿತ್ತು, ಆದರೆ ಅರ್ಧ ದಾಟಲಿಲ್ಲ. ಶಾಸನಸಭೆಯಲ್ಲಿ ಬಲ್ಕ್‌ಲಿ ಪಕ್ಷದವರಾದ ರಿಪಬ್ಲಿಕನ್ನರು ಹೆಚ್ಚಿದ್ದರು, ಬಲ್ಕ್‌ಲಿ ಗವರ್ನರ್ ಆದರು. 1890ರ ಚುನಾವಣೆಗೆ ಅವರು ನಿಲ್ಲಲೇ ಇಲ್ಲ. ಮತ್ತೆ ಮಾರಿಸ್ ಮುಂದೆ. ಈ ಸಲ ಅರ್ಧ ದಾಟಿದರೋ ಇಲ್ವೋ ಅನ್ನುವುದೇ ಜಗಳವಾಯಿತು. ಕೆಳಮನೆ ರಿಪಬ್ಲಿಕನ್ನರದು, ಮೇಲ್ಮನೆ ಡೆಮಾಕ್ರಾಟರದು. ಎರಡೂ ಒಪ್ಪದೆ ಫಲಿತಾಂಶ ಘೋಷಣೆಯೇ ಆಗಲಿಲ್ಲ. ಮುಂದಿನವರು ಬರುವವರೆಗೆ ನಾನೇ ಗವರ್ನರ್ ಅಂತ ಬಲ್ಕ್‌ಲಿ ಕುಳಿತೇಬಿಟ್ಟರು.

ರಾಜ್ಯದ ಲೆಕ್ಕಪತ್ರದ ಅಧಿಕಾರಿ ನಿಕೊಲಾಸ್ ಸ್ಟೌಬ್ ಡೆಮಾಕ್ರಾಟ್. ಅವರು ಗವರ್ನರ್ ಕಚೇರಿಗೆ ಹೋಗುವ ಕೋಣೆಗೆ ಹೊಸ ಬೀಗ ಹಾಕಿಸಿದರು. 1891ರ ಮಾರ್ಚ್‌ನಲ್ಲಿ ಬಲ್ಕ್‌ಲಿ ಬಂದು ನೋಡಿದರೆ ಬಾಗಿಲು ತೆರೆಯುತ್ತಿಲ್ಲ. ಹಾರೆಕೋಲು ತರಿಸಿ ಬೀಗ ಮೀಟಿಸಿ ಒಳಗೆ ಹೋದರು. ಅಂದಿನಿಂದ ಹಾರೆಕೋಲು ಗವರ್ನರ್ ಅನ್ನುವ ಹೆಸರು ಅಂಟಿಕೊಂಡಿತು. ಪಕ್ಕದ ನ್ಯೂಯಾರ್ಕ್‌ನ ಗವರ್ನರ್ ಡೇವಿಡ್ ಹಿಲ್ ಅವರನ್ನು ಗವರ್ನರ್ ಅಂತ ಒಪ್ಪಲೇ ಇಲ್ಲ. ಕೊನೆಗೆ 1892ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಬಲ್ಕ್‌ಲಿಯೇ ಕಾನೂನಿನ ಪ್ರಕಾರ ಗವರ್ನರ್ ಅಂತ ತೀರ್ಪು ಕೊಟ್ಟಿತು. ಹಾಗಾಗಿ ಅಧಿಕಾರ ಕಿತ್ತುಕೊಂಡರು ಅನ್ನುವುದು ಪೂರ್ತಿ ಸರಿಯಲ್ಲ. ಜನರ ಮತದಲ್ಲಿ ಗೆದ್ದು ಗವರ್ನರ್ ಆದರು ಅನ್ನುವುದು ಖಂಡಿತ ಸರಿಯಲ್ಲ.

ಈ ಜಗಳದಲ್ಲಿ ಶಾಸನಸಭೆ ಖರ್ಚಿಗೆ ಹಣ ಮಂಜೂರು ಮಾಡಲಿಲ್ಲ. ರಾಜ್ಯ ನಡೆಯಬೇಕಲ್ಲ? ಆಗ ಎಟ್ನಾ 3 ಲಕ್ಷ ಡಾಲರ್ ಮುಂಗಡ ಕೊಟ್ಟಿತು. ಬಿಕ್ಕಟ್ಟು ಮುಗಿದ ಮೇಲೆ ರಾಜ್ಯ ಅದನ್ನು ತೀರಿಸಿತು. ಅಂದರೆ ಇದು ದಾನ ಅಲ್ಲ, ಸಾಲ. ವಾಪಸ್ ಬಂದ ಸಾಲ. ಕಳ್ಳತನವೂ ಅಲ್ಲ.

ಮೊತ್ತ ಎಷ್ಟು ದೊಡ್ಡದು? 1879ರ ಆಸ್ತಿಗೇ ಹೋಲಿಸಿದರೂ ಶೇಕಡಾ 1.2ರಷ್ಟು. ಇಷ್ಟು ಹಣ ಪೂರ್ತಿ ಮುಳುಗಿದ್ದರೂ ಕಂಪನಿ ಮುಳುಗುತ್ತಿರಲಿಲ್ಲ. ಸರ್ಕಾರಗಳಿಗೆ ಸಾಲ ಕೊಡುವುದು ವಿಮಾ ಕಂಪನಿಗಳ ದಿನನಿತ್ಯದ ವ್ಯವಹಾರ. ನಿಮ್ಮ ನಮ್ಮ ಪ್ರೀಮಿಯಂನ ದೊಡ್ಡ ಪಾಲು ಇವತ್ತಿಗೂ ಸರ್ಕಾರಿ ಬಾಂಡ್‌ಗಳಲ್ಲೇ ಇದೆ.

ಹಾಗಾದರೆ ತಪ್ಪೇನು ಅಂತೀರಾ? ನನ್ನ ಮಟ್ಟಿಗೆ ತಪ್ಪು ಇದೆ, ಮತ್ತು ಅದು ದೊಡ್ಡದೇ. ಬಾಂಡ್ ಕೊಂಡಾಗ ಅದರ ಹಿಂದೆ ಶಾಸನಸಭೆಯ ಒಪ್ಪಿಗೆ ಇರುತ್ತದೆ. ಇಲ್ಲಿ ಅದೇ ಇರಲಿಲ್ಲ. ಮುಂದಿನ ಸಭೆ ತೀರಿಸುವುದಿಲ್ಲ ಅಂದಿದ್ದರೆ ವಸೂಲಿ ಕಷ್ಟವಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಕೊಡುವ ಕಂಪನಿಯ ಮುಖ್ಯಸ್ಥ ಯಾರೋ, ಪಡೆಯುವ ಸರ್ಕಾರದ ಮುಖ್ಯಸ್ಥನೂ ಅವನೇ. ಆ ಹಣದಿಂದ ಉಳಿದದ್ದು ರಾಜ್ಯದ ಆಡಳಿತ ಮಾತ್ರವಲ್ಲ, ಅವರ ಕುರ್ಚಿ ಕೂಡ. ಸಹಕಾರ ಸಂಘದ ಕಾರ್ಯದರ್ಶಿ ತನ್ನ ಸಾಲದ ಅರ್ಜಿಗೆ ತಾನೇ ರುಜು ಹಾಕಿದ ಹಾಗೆ. ಸಾಲ ತೀರಿರಬಹುದು, ಆ ರುಜು ಮಾತ್ರ ಸರಿಯಾಗುವುದಿಲ್ಲ. ಇನ್ನೂ ಒಂದು ಇದೆ. ಅಮೆರಿಕದಲ್ಲಿ ವಿಮೆಯ ಮೇಲ್ವಿಚಾರಣೆ ಆಗಲೂ ಈಗಲೂ ಆಯಾ ರಾಜ್ಯದ್ದು. ಎಟ್ನಾವನ್ನು ತಪಾಸಣೆ ಮಾಡಬೇಕಾದ ಇಲಾಖೆ ಇದ್ದದ್ದು ಎಟ್ನಾ ಅಧ್ಯಕ್ಷರೇ ಗವರ್ನರ್ ಆಗಿದ್ದ ಸರ್ಕಾರದಲ್ಲಿ. ಪಾಲಿಸಿದಾರರ ಪರವಾಗಿ ಬೇಡ ಅನ್ನುವವರು ಯಾರು? ಹಣ ವಾಪಸ್ ಬಂದಿದ್ದು ಅವರ ಅದೃಷ್ಟ ಮತ್ತು ಆ ಮನುಷ್ಯನ ಪ್ರಾಮಾಣಿಕತೆ. ವ್ಯವಸ್ಥೆಯಿಂದಲ್ಲ.

ಅವರ ಸ್ವಂತ ಜೇಬಿನ ದಾನವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. 1880ರಿಂದ 1888ರವರೆಗೆ ಹಾರ್ಟ್‌ಫರ್ಡ್ ಮೇಯರ್ ಆಗಿದ್ದಾಗ ತಮ್ಮ ಸಂಬಳವನ್ನು ಊರಿನ ಬಡವರ ನಿಧಿಗೆ ಕೊಟ್ಟರು. ದಾನ ಅಂದರೆ ಅದು. ಸೆನೆಟರ್ ಆದ ಮೇಲೆ ಮಾಡಿದ ಒಂದು ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 1906ರಲ್ಲಿ ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ನಲ್ಲಿ ಗುಂಡಿನ ದಾಳಿ ನಡೆಯಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 167 ಕಪ್ಪು ಸೈನಿಕರನ್ನು ವಿಚಾರಣೆಯಿಲ್ಲದೆ ಸೈನ್ಯದಿಂದ ಹೊರಹಾಕಿದರು. ರೂಸ್‌ವೆಲ್ಟ್ ಬಲ್ಕ್‌ಲಿಯ ಪಕ್ಷದವರೇ. ಆದರೂ ಬಲ್ಕ್‌ಲಿ ಸೆನೆಟರ್ ಫೋರೇಕರ್ ಜೊತೆ ನಿಂತು ಆ ಸೈನಿಕರ ತಪ್ಪಿಲ್ಲ ಅಂದರು. ಸೈನ್ಯ ಅದನ್ನು ಒಪ್ಪಿಕೊಂಡಿದ್ದು 1972ರಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಹೆಚ್ಚಿನವರು ಬದುಕಿರಲಿಲ್ಲ.

ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನುವುದರ ಮೇಲೆ ಪಾಲಿಸಿದಾರನ ಹಣ ನಿಂತಿರಬಾರದು ಅಂತ ಅಮೆರಿಕಕ್ಕೆ ಅರ್ಥವಾದದ್ದು 1905ರಲ್ಲಿ. ಆ ವರ್ಷ ಸೆನೆಟ್‌ನಲ್ಲಿ ಇಬ್ಬರು ವಿಮಾ ಕಂಪನಿ ಅಧ್ಯಕ್ಷರಿದ್ದರು: ಕನೆಕ್ಟಿಕಟ್‌ನಿಂದ ಬಲ್ಕ್‌ಲಿ, ನ್ಯೂಜೆರ್ಸಿಯಿಂದ ಪ್ರುಡೆನ್ಷಿಯಲ್‌ನ ಜಾನ್ ಡ್ರೈಡನ್. ಜನವರಿಯಲ್ಲಿ ಎಕ್ವಿಟಬಲ್ ವಿಮಾ ಕಂಪನಿಯ ವಾರಸುದಾರ ಜೇಮ್ಸ್ ಹೇಝನ್ ಹೈಡ್ ನ್ಯೂಯಾರ್ಕ್‌ನಲ್ಲಿ ಫ್ರೆಂಚ್ ರಾಜರ ಕಾಲದ ವೇಷದ ಭಾರೀ ಔತಣ ಕೊಟ್ಟರು. ಕಂಪನಿಯ ಖರ್ಚಿನಲ್ಲಿ ಕೊಟ್ಟರು ಅಂತ ಪತ್ರಿಕೆಗಳು ಹುಯಿಲೆಬ್ಬಿಸಿದವು. ಅದು ರುಜುವಾತಾಗಲಿಲ್ಲ. ಆದರೆ ಆ ಗದ್ದಲದಿಂದ ನ್ಯೂಯಾರ್ಕ್ ಶಾಸನಸಭೆ ಆರ್ಮ್‌ಸ್ಟ್ರಾಂಗ್ ಸಮಿತಿ ನೇಮಿಸಿತು. ವಕೀಲ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಲೆಕ್ಕದ ಪುಸ್ತಕ ಹಿಡಿದು ಒಬ್ಬೊಬ್ಬರನ್ನೇ ಪ್ರಶ್ನಿಸಿದರು. ಸಿಕ್ಕಿದ್ದು ಔತಣದ ಬಿಲ್ಲಲ್ಲ. ನ್ಯೂಯಾರ್ಕ್ ಲೈಫ್ ಕಂಪನಿ 1904ರ ಅಧ್ಯಕ್ಷ ಚುನಾವಣೆಗೆ ರಿಪಬ್ಲಿಕನ್ ಪಕ್ಷಕ್ಕೆ 48,000 ಡಾಲರ್‌ಗೂ ಹೆಚ್ಚು ಕೊಟ್ಟಿತ್ತು. ಪಾಲಿಸಿದಾರರಲ್ಲಿ ಡೆಮಾಕ್ರಾಟರೂ ಇದ್ದರು. ಅವರ ಹಣದಲ್ಲಿ ಅವರದೇ ಎದುರಾಳಿಗೆ ಪ್ರಚಾರ! ಮರುವರ್ಷ ನ್ಯೂಯಾರ್ಕ್ ಕಠಿಣ ವಿಮಾ ಕಾನೂನು ತಂದಿತು. 1907ರಲ್ಲಿ ಕಂಪನಿಗಳು ಕೇಂದ್ರದ ಚುನಾವಣೆಗಳಿಗೆ ಹಣ ಕೊಡುವುದನ್ನೇ ಅಮೆರಿಕ ನಿಷೇಧಿಸಿತು. ಸೋರಿಕೆ ಕಣ್ಣಿಗೆ ಹೊಡೆಯುವ ಜಾಗದಲ್ಲಿ ಇರುವುದು ಕಡಿಮೆ. ಮಾಲೀಕರ ಕಾರು, ಮಗಳ ಮದುವೆ ನೋಡಿ ಕಂಪನಿ ಅಳೆಯುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ.

ನಮ್ಮಲ್ಲಿ? ಬಲ್ಕ್‌ಲಿ ಬೀಗ ಮೀಟಿಸಿದ 1891ರಲ್ಲೇ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವ ವಿಮೆ ಶುರು ಮಾಡಿತು. ಇವತ್ತು ಸರ್ಕಾರಿ ನೌಕರರ ಸಂಬಳದಲ್ಲಿ ಹಿಡಿಯುವ ಕೆಜಿಐಡಿ ಅದರದೇ ಮುಂದುವರಿಕೆ. ಅಲ್ಲಿ ಸರ್ಕಾರವೇ ವಿಮಾ ಕಂಪನಿ. ಖಾಸಗಿ ಕಂಪನಿಗಳಲ್ಲಿ ಮಾತ್ರ ಕತೆ ಬೇರೆಯಾಯಿತು. 1955ರಲ್ಲಿ ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಭಾರತ್ ಇನ್ಶೂರೆನ್ಸ್‌ನಿಂದ 2 ಕೋಟಿ ರೂಪಾಯಿಗೂ ಹೆಚ್ಚು ಹಣ ಬೇರೆ ಕಡೆ ಹರಿದದ್ದು ಬಯಲಾಯಿತು. ದಾಲ್ಮಿಯಾ ಜೈಲಿಗೆ ಹೋದರು. 1956ರಲ್ಲಿ 245 ಸಂಸ್ಥೆಗಳನ್ನು ಸೇರಿಸಿ ಎಲ್‌ಐಸಿ ಮಾಡಿದ್ದಕ್ಕೆ ಇಂಥ ಪ್ರಕರಣಗಳೂ ಕಾರಣ. ಸರ್ಕಾರದ ಕೈಗೆ ಬಂದ ಕೂಡಲೇ ಎಲ್ಲಾ ಸರಿಹೋಯಿತೇ? ಇಲ್ಲ. ಮರುವರ್ಷವೇ ಎಲ್‌ಐಸಿ ಉದ್ಯಮಿ ಹರಿದಾಸ್ ಮುಂದ್ರಾ ಕಂಪನಿಗಳ ಷೇರುಗಳಿಗೆ ಸುಮಾರು 1.25 ಕೋಟಿ ಹಾಕಿತು, ಮೇಲಿನ ಒತ್ತಡದಿಂದ. ಸಂಸದ ಫಿರೋಜ್ ಗಾಂಧಿ ಇದನ್ನು ಲೋಕಸಭೆಯಲ್ಲಿ ಎತ್ತಿದರು. ಛಾಗ್ಲಾ ಆಯೋಗ ವಿಚಾರಣೆ ಮಾಡಿತು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಖಾಸಗಿ ಅಂದರೆ ಅಪಾಯ, ಸರ್ಕಾರಿ ಅಂದರೆ ಕ್ಷೇಮ ಅನ್ನುವ ಸರಳ ಲೆಕ್ಕ ನಿಲ್ಲುವುದಿಲ್ಲ.

ಈಗಿನ ಬೇಲಿ ಹೀಗಿದೆ. ಪಾಲಿಸಿದಾರರ ಹಣ ಮತ್ತು ಷೇರುದಾರರ ಹಣವನ್ನು ಬೇರೆ ಬೇರೆ ಲೆಕ್ಕದಲ್ಲಿ ಇಡಬೇಕು. ನಿಮ್ಮ ಅಪ್ಪನಂಥವರ ಸಾಂಪ್ರದಾಯಿಕ ಪಾಲಿಸಿಗಳ ನಿಧಿಯಲ್ಲಿ ಕನಿಷ್ಠ ಅರ್ಧ ಭಾಗ ಸರ್ಕಾರಿ ಮತ್ತು ಅಂಥದೇ ಅನುಮೋದಿತ ಸಾಲಪತ್ರಗಳಲ್ಲಿ ಇರಬೇಕು. ಕಂಪನಿ ಕೊಡಬೇಕಾದ ಬಾಕಿಯ ಮೇಲೆ ಹೆಚ್ಚುವರಿ ಬಂಡವಾಳ ಇಟ್ಟಿರಬೇಕು. ಇದರ ಅಳತೆಗೆ ಸಾಲ್ವೆನ್ಸಿ ಅನುಪಾತ ಅಂತಾರೆ, 1.5ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಇಳಿದರೆ ವಿಮಾ ನಿಯಂತ್ರಕ ಐಆರ್‌ಡಿಎಐ ಮಧ್ಯೆ ಬರುತ್ತದೆ. ಬೇಕಾದರೆ ಆಡಳಿತಾಧಿಕಾರಿಯನ್ನು ಕೂರಿಸಬಹುದು, ಪಾಲಿಸಿಗಳನ್ನು ಬೇರೆ ಕಂಪನಿಗೆ ವರ್ಗ ಮಾಡಿಸಬಹುದು. ಬೇಲಿ ಇದ್ದರೂ ಅಪಾಯ ಸೊನ್ನೆ ಅಲ್ಲ. ಕೆಟ್ಟ ಆಡಳಿತದಿಂದ ಬೋನಸ್ (ಪಾಲಿಸಿಗೆ ಸೇರುವ ಲಾಭದ ಪಾಲು) ಕಡಿಮೆಯಾಗಬಹುದು, ಕ್ಲೇಮು ತಡವಾಗಬಹುದು. ಆದರೆ ಚುನಾವಣೆ ಸೋತ ಮರುದಿನ ಪಾಲಿಸಿದಾರರ ನಿಧಿ ಮಾಯವಾಗುತ್ತದೆ ಅನ್ನುವುದು ಸುಮ್ನೆ ಹೆದರಿಸುವ ಮಾತು.

ಇನ್ನು ನಿಮ್ಮ ಅಪ್ಪನ ಪಾಲಿಸಿ. ಅವರು ಕಟ್ಟಿರುವುದು 4,20,000 ರೂಪಾಯಿ. ಈಗ ಸರೆಂಡರ್ ಮಾಡಿದರೆ ಖಾತ್ರಿ ಇರುವುದು ಕಟ್ಟಿದ್ದರ ಅರ್ಧ, ಅಂದರೆ 2,10,000. ಕಂಪನಿಯ ವಿಶೇಷ ಸರೆಂಡರ್ ಮೌಲ್ಯ ಇದಕ್ಕಿಂತ ಜಾಸ್ತಿ ಇರಬಹುದು, ಲಿಖಿತವಾಗಿ ಕೇಳಿ. ಎಷ್ಟಿದ್ದರೂ ನಷ್ಟ ಕಣ್ಣೆದುರಿಗೇ ಇದೆ, ಮತ್ತು ಜೀವ ವಿಮೆಯ ರಕ್ಷಣೆ ಅಂದೇ ನಿಲ್ಲುತ್ತದೆ.

ಕಂತು ಕಟ್ಟುವುದು ನಿಲ್ಲಿಸಿ ಪಾಲಿಸಿಯನ್ನು ಪೇಯ್ಡ್-ಅಪ್ ಮಾಡಬಹುದು. 15ರಲ್ಲಿ 7 ಕಂತು ಕಟ್ಟಿರುವುದರಿಂದ ವಿಮಾ ಮೊತ್ತ 3,50,000ಕ್ಕೆ ಇಳಿಯುತ್ತದೆ. ಈವರೆಗೆ ಸೇರಿದ ಬೋನಸ್ ಸಾಮಾನ್ಯವಾಗಿ ಉಳಿಯುತ್ತದೆ. ಅವಧಿ ಮುಗಿದಾಗ, ಅಥವಾ ಮಧ್ಯೆ ಏನಾದರೂ ಆದರೆ, ಅಷ್ಟು ಬರುತ್ತದೆ. ಮುಂದೆ ಹೊಸ ಬೋನಸ್ ಸೇರುವುದಿಲ್ಲ. ಕಂಪನಿಯ ಮೇಲೆ ನಿಜವಾಗಿ ನಂಬಿಕೆ ಹೋಗಿದ್ದರೆ, ಸರೆಂಡರ್‌ಗಿಂತ ಇದು ಮೇಲು. ತುರ್ತಾಗಿ ಹಣ ಬೇಕಾಗಿದ್ದರೆ ಪಾಲಿಸಿ ಮೇಲೆ ಸಾಲ ಸಿಗುತ್ತದೆ, ಬಡ್ಡಿ ಕಟ್ಟದೆ ಬಿಟ್ಟರೆ ಅದೇ ಪಾಲಿಸಿಯನ್ನು ತಿಂದುಹಾಕುತ್ತದೆ. ಹಣದ ತೊಂದರೆ ಇಲ್ಲ, ಸಾಲ್ವೆನ್ಸಿ ಚೆನ್ನಾಗಿದೆ ಅಂತಾದರೆ ಮುಂದುವರಿಸುವುದೇ ನನ್ನ ಸಲಹೆ. ಈ ಬಗೆಯ ಪಾಲಿಸಿಯ ಲಾಭ ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಾರಾಟದ ಖರ್ಚೆಲ್ಲಾ ಮೊದಲ ವರ್ಷಗಳಲ್ಲೇ ಕಳೆದುಹೋಗಿದೆ. ಒಳ್ಳೆಯ ವರ್ಷಗಳು ಇನ್ನು ಮುಂದೆ ಬರುವವು.

ಏಜೆಂಟರ ಬಗ್ಗೆ ಒಂದು ಮಾತು. ಹೊಸ ಪಾಲಿಸಿಯ ಮೊದಲ ವರ್ಷದ ಕಮಿಷನ್ ಅವರಿಗೆ ದೊಡ್ಡದು. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಹೀಗೆ ಹೆದರಿಸಿ ಬದಲಾಯಿಸಿದ ಪಾಲಿಸಿಗಳನ್ನು ಮಾತ್ರ ತುಂಬಾ ನೋಡಿದ್ದೇನೆ. ಹೊಸದಕ್ಕೆ ಅಪ್ಪನ ಈಗಿನ ವಯಸ್ಸಿನ ಲೆಕ್ಕ, ಹೊಸ ಆರೋಗ್ಯ ತಪಾಸಣೆ. ಸಕ್ಕರೆ ಕಾಯಿಲೆ, ಬಿಪಿ ಬಂದಿದ್ದರೆ ಕಂತು ಏರುತ್ತದೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಪಾಲಿಸಿಗೆ 3 ವರ್ಷ ತುಂಬಿದ ಮೇಲೆ, ಅರ್ಜಿಯಲ್ಲಿ ಏನೋ ಮುಚ್ಚಿಟ್ಟಿದ್ದರು ಅಂತ ಕಂಪನಿ ಅದನ್ನು ಪ್ರಶ್ನಿಸುವ ಹಾಗಿಲ್ಲ. ಅಪ್ಪನ ಹಳೆಯ ಪಾಲಿಸಿ ಆ ಗೆರೆ ಯಾವತ್ತೋ ದಾಟಿದೆ. ಹೊಸದರಲ್ಲಿ ಆ 3 ವರ್ಷ ಮತ್ತೆ ಮೊದಲಿಂದ.

ಈ ವಾರ ಮಾಡಬೇಕಾದದ್ದು ಇಷ್ಟು. ಕಂಪನಿಯ ವೆಬ್‌ಸೈಟಿನಲ್ಲಿ ಸಾರ್ವಜನಿಕ ಮಾಹಿತಿಯ ವಿಭಾಗ ಇರುತ್ತದೆ, ಪ್ರತಿ ಮೂರು ತಿಂಗಳಿಗೊಮ್ಮೆ ಹಾಕುತ್ತಾರೆ. ಹಿಂದಿನ ಕೆಲವು ವರ್ಷಗಳ ಸಾಲ್ವೆನ್ಸಿ ಅನುಪಾತ ನೋಡಿ. ಒಂದೇ ಅಂಕಿ ನೋಡಬೇಡಿ, ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಿ. ವರ್ಷದಿಂದ ವರ್ಷಕ್ಕೆ ಇಳಿದು 1.5ರ ಹತ್ತಿರ ಬರುತ್ತಿದ್ದರೆ ಪೇಯ್ಡ್-ಅಪ್ ಬಗ್ಗೆ ಯೋಚಿಸಿ. ಹಾಗೇನೂ ಇಲ್ಲ ಅಂದರೆ ಮುಂದಿನ ಕಂತು ಸಮಯಕ್ಕೆ ಸರಿಯಾಗಿ ಹೋಗಲಿ, ಈ ಗೊಂದಲದಲ್ಲಿ ಅದು ತಪ್ಪಬಾರದು. ದಾವಣಗೆರೆ ಶಾಖೆಗೆ ಅಪ್ಪನೇ ಹೋಗಿ ಸರೆಂಡರ್ ಮೌಲ್ಯ, ಪೇಯ್ಡ್-ಅಪ್ ಮೊತ್ತ, ಸೇರಿದ ಬೋನಸ್ ಮೂರನ್ನೂ ಬರೆದು ಕೊಡಲು ಕೇಳಲಿ. ಪಾಲಿಸಿ ಪತ್ರ ತೆಗೆದಾಗ ನಾಮಿನಿ ಹೆಸರು ಅಮ್ಮನದೇ ಇದೆಯಾ, ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿಕೊಳ್ಳಲಿ. ಕ್ಲೇಮುಗಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಅಲ್ಲಿ.